ನಡುಮನೆಯ ಯಮಹಾ

ಹೊಸ ತಿಪ್ಪಸಂದ್ರ, ಬೆಂಗಳೂರು
ಗುರುವಾರ, 12 ಸೆಪ್ಟೆಂಬರ್ 2024

ಮುದ್ದಿನ ಮಗಳು ಹಂಸಾಗೆ,

ಹೇಗಿದ್ದೀಯೇ? ಹುಬ್ಬಳ್ಳಿಯ ಮಳೆಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ರೈಲ್ವೆ ಶೆಡ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು ಬರೀ ಟೀ ಕುಡಿದು ಮಲಗಬೇಡ. ರೊಟ್ಟಿ ತಿಂದು ತಿಂದು ಬೇಜಾರಾಗಿದ್ದರೆ ಹೇಳು, ರಾಗಿ ಹಿಟ್ಟು ಮಾಡಿಸಿಟ್ಟಿದ್ದೇನೆ, ಆ ಕಡೆ ಯಾರಾದರೂ ಬರುವವರಿದ್ದರೆ ಕಳಿಸುತ್ತೇನೆ. ಫೋನ್ ಇರುವಾಗ ಇವಳೇನು ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ಮಾತಾಡಲು ನಿಮ್ಮಪ್ಪ ಆ ಕಡೆ ಈ ಕಡೆ ಅಲ್ಲಾಡಬೇಕಲ್ಲ! ದಿನವಿಡೀ ನಡುಮನೆಯಲ್ಲೇ ಕೂತಿರುತ್ತಾರೆ. ಕಣ್ಣು ಮಂಜಾದರೂ ಕಿವಿ ಬಲು ಚುರುಕು, ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಹಡಿ ಮನೆಯ ನಾಜಿಶ್ ಇದರ ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತಾಳಂತೆ. ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಓದಿದರೂ ಓದಲಿ ಬಿಡು, ನನ್ನ ಗೋಳು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಗೋಳೆಂದರೆ ಅದೇ, ನಿಮ್ಮಪ್ಪನ ಯಮಹಾ. ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದುಕೊಂಡು ತನ್ನ ಪಾಡಿಗೆ ತಾನು ತುಕ್ಕು ಹಿಡಿಯುತ್ತಿದ್ದ ಆ ಆರ್‌ಎಕ್ಸ್ ಹಂಡ್ರೆಡ್ ಅನ್ನು ಯುಗಾದಿ ಕಳೆದ ಮೇಲೆ ಒಳಗೆ ತಂದು ನಿಲ್ಲಿಸಿದರು ಎಂದು ಹೇಳಿದ್ದೆನಲ್ಲ, ಅದು ಇನ್ನೂ ಅಲ್ಲೇ ಇದೆ. "ಹೊರಗೆ ಧೂಳು ಕಣೇ, ಜಪಾನ್ ಎಂಜಿನ್ನು, ಧೂಳಲ್ಲಿ ಬಿಚ್ಚೋಕಾಗಲ್ಲ" ಅಂದರು. ಸರಿ, ಜಪಾನಿನವರು ನಮ್ಮ ಮನೆಗೆ ಬಂದರಲ್ಲ ಎಂದು ನಾನೂ ಸುಮ್ಮನಾದೆ. ಬಂದವರು ಸುಮ್ಮನಿದ್ದರೆ ತಾನೇ? ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು ಬೋಲ್ಟು. ಹೊಲಿಗೆ ಮಿಷನ್ನಿನ ಮೇಲೆ ಪೆಟ್ರೋಲ್ ಟ್ಯಾಂಕು. ಪೆಟ್ರೋಲ್ ಇರುವ ಕಡೆ ಬೆಂಕಿ ಬೇಡ ಎಂದು ನನ್ನ ಸಂಜೆಯ ದೀಪವನ್ನು ಹೊರಗಿನ ಕಟ್ಟೆಗೆ ಓಡಿಸಿದರು, ಗಾಳಿಗೆ ಅದು ಒಂದು ದಿನವೂ ನೆಟ್ಟಗೆ ಉರಿದದ್ದಿಲ್ಲ. ಹುಳಿಗೆ ಎಷ್ಟು ಇಂಗು ಹಾಕಿದರೂ ಆಯಿಲ್ ವಾಸನೆ. ಮಹದೇವಪುರದಿಂದ ನಿಮ್ಮ ಸೋದರತ್ತೆ ಗೃಹಪ್ರವೇಶಕ್ಕೆ ಕರೆಯಲು ಬಂದವರು ಕೂರುವುದಕ್ಕೆ ಜಾಗವಿಲ್ಲದೆ ನಿಂತೇ ಕುಂಕುಮ ಕೊಟ್ಟು ಹೋದರು. ಅವರ ರೇಷ್ಮೆ ಸೀರೆಯ ಅಂಚಿಗೆ ಗ್ರೀಸ್ ಮೆತ್ತಿಕೊಂಡಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟನ್ನೂ ಯಾಕೆ ಸಹಿಸಿಕೊಂಡೆ ಅಂತೀಯ? ಅವರ ಬಲಗೈ ನಡುಗುತ್ತದೆ ಎನ್ನುವುದು ನಿನಗೆ ಗೊತ್ತು. ಅದರಿಂದ ಅವರಿಗೆ ಏನಾಗಿದೆ ಎನ್ನುವುದು ಅಷ್ಟು ದೂರದಿಂದ ಗೊತ್ತಾಗುವುದಿಲ್ಲ. ವಿಮಾನದ ಭಾಗಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರಿಸಿದ ಫಿಟ್ಟರು, ಈಗ ಟೀ ಲೋಟ ಎತ್ತಿದರೆ ಪಂಚೆಯ ಮೇಲೆ ಚೆಲ್ಲಿಕೊಳ್ಳುತ್ತಾರೆ. ಇದು ವಯಸ್ಸಿನ ನಡುಕ, ಇನ್ನು ಸಣ್ಣ ಕೆಲಸಗಳು ಬೇಡ ಎಂದು ಡಾಕ್ಟರು ಹೇಳಿದ ದಿನವೇ ಗಾಡಿ ಒಳಗೆ ಬಂದದ್ದು. "ಇದು ಒಂದ್ಸಲ ಸ್ಟಾರ್ಟ್ ಆದ್ರೆ ನನ್ ಕೈ ಇನ್ನೂ ನಂದೇ ಅಂತ. ಆಗ್ಲಿಲ್ಲ ಅಂದ್ರೆ ಬಿಡು, ಮುಗೀತು" ಅಂದರು. ಆಯುಧಪೂಜೆಯ ದಿನ ಅದನ್ನೇರಿ ತಾವು ದುಡಿದ ವಿಮಾನದ ಫ್ಯಾಕ್ಟರಿ ಗೇಟಿನ ತನಕ ಹೋಗಿ ಬರಬೇಕು ಎಂಬ ಆಸೆ. ಇಂಥ ಮಾತಿಗೆ ನಾನು ಇಡ್ಲಿ ತಟ್ಟೆ ವಾಪಸ್ ಕೊಡಿ ಅನ್ನಲೇ?

ಕೆಲಸವನ್ನೇನೋ ಚೆನ್ನಾಗಿಯೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಶಿವಾಜಿನಗರದ ಅಹ್ಮದ್ ಪಾಷಾ ಅಂಗಡಿಗೆ ಹೋಗಿ ಹೋಗಿ ಬಸ್ಸಿನ ಕಂಡಕ್ಟರುಗಳೆಲ್ಲ ಪರಿಚಯವಾದರು. ಪಿಸ್ಟನ್ ರಿಂಗ್ ಕೂರಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು, ನಾನು ಪಕ್ಕದಲ್ಲಿ ಸ್ಪ್ಯಾನರ್ ಕೊಡುತ್ತಾ ಬೈಸಿಕೊಳ್ಳುತ್ತಾ ಕೂತಿದ್ದೆ. "ಹತ್ತನೇ ನಂಬರ್ ಕೇಳಿದ್ರೆ ಹನ್ನೆರಡು ಕೊಡ್ತೀಯಲ್ಲೇ, ನಿಂಗೆ ಕಣ್ಣಿಲ್ವಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ. ಕಾರ್ಬುರೇಟರ್ ಅನ್ನಂತೂ ಮಗುವಿಗೆ ಎರೆಯುವ ಹಾಗೆ ತೊಳೆದರು. ಬಿಚ್ಚಿದ ಚೂರುಪಾರುಗಳನ್ನೆಲ್ಲ ಪೆಟ್ರೋಲಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಆರಹಾಕಿದರು. ನೀನು ಚಿಕ್ಕವಳಿದ್ದಾಗ ಹೀಗೇ ಕೂತು, ಪೆಟ್ರೋಲ್ ಹಾಯುವ ಆ ಕಾಳಿನಷ್ಟು ಗಾತ್ರದ ಜೆಟ್ಟನ್ನು ಕಿಟಕಿಗೆ ಹಿಡಿದು ಅದರ ತೂತಿನಲ್ಲಿ ಇಣುಕುತ್ತಿದ್ದೆ, ನೆನಪಿದೆಯಾ? "ಬೆಳಕು ಕಾಣ್ತಾ?" ಎಂದು ಅವರು ಕೇಳುವುದು, "ಕಾಣ್ತಪ್ಪಾ!" ಎಂದು ನೀನು ಕೂಗುವುದು. ಈ ಸಲ ಆ ಚೂರುಗಳನ್ನು ಆರಹಾಕಿದ್ದು ಶುಕ್ರವಾರ. ಗ್ಯಾಸ್ಕೆಟ್ ತರಲು ಅವರು ಶಿವಾಜಿನಗರಕ್ಕೆ ಹೋಗಿದ್ದಾಗ ನಾನು ಎಂದಿನಂತೆ ದೇವರಿಗೆ, ಹೊಸ್ತಿಲಿಗೆ, ಹೊಲಿಗೆ ಮಿಷನ್ನಿಗೆ ಕುಂಕುಮ ಇಟ್ಟು, ಇವು ಮಾತ್ರ ಏನು ಪಾಪ ಮಾಡಿದವು ಎಂದು ಇವಕ್ಕೂ ಒಂದೊಂದು ಬೊಟ್ಟು ಇಟ್ಟೆ. ಅವರು ಬಂದು ನೋಡಿ, "ನಿನ್ನ ಭಕ್ತಿಗಿಷ್ಟು!" ಎಂದು ಬೈಯುತ್ತಾ ಹೆಬ್ಬೆರಳಿನಲ್ಲಿ ಒಂದೊಂದನ್ನೇ ಒರೆಸಿ ಜೋಡಿಸಿದರು. ಹಾಳಾದ್ದು, ಅಷ್ಟು ಪೂಜೆ ಮಾಡಿಸಿಕೊಂಡರೂ ದೇವರು ಕಣ್ಣು ಬಿಡಲಿಲ್ಲ.

ಗಾಡಿ ಸ್ಟಾರ್ಟ್ ಆಗಲಿಲ್ಲ ಮಗಳೇ. ಒದ್ದರು, ಒದ್ದರು, ಬನಿಯನ್ ಹಿಂಡಿದರೆ ನೀರು ಬರುವಷ್ಟು ಒದ್ದರು. ಪ್ಲಗ್ಗಿನಲ್ಲಿ ಕಿಡಿ ಬರುತ್ತದೆ, ಪೆಟ್ರೋಲ್ ಇಳಿಯುತ್ತದೆ, ಒಂದು ಸಲ ಗುರ್ ಅಂದ ಹಾಗೆ ಮಾಡಿ ಸುಮ್ಮನಾಗುತ್ತದೆ. ಮೊದಲು ಪೆಟ್ರೋಲ್ ಬಂಕಿನವರನ್ನು ಬೈದರು. ಆಮೇಲೆ ಡೂಪ್ಲಿಕೇಟ್ ರಿಂಗ್ ಕೊಟ್ಟ ಎಂದು ಪಾಷಾನನ್ನು ಬೈದರು. ಪಾಪ ಆತ ಅಂಗಡಿ ಮುಚ್ಚಿಕೊಂಡು ಒಂದು ಸಂಜೆ ಇಲ್ಲಿಯ ತನಕ ಬಂದು, ಕಿವಿಯಿಟ್ಟು ಕೇಳಿ, "ಮುನಿರಾಜಣ್ಣ, ಕಾರ್ಬುರೇಟರ್ ಇನ್ನೊಂದ್ಸಲ ಬಿಚ್ಚಿ ನೋಡೋಣ ಅಣ್ಣಾ" ಅಂದ. ಅಷ್ಟೇ ಅಂದದ್ದು. "ಅದನ್ನ ನಾನೇ ಕೈಯಾರೆ ತೊಳ್ದಿದೀನಿ ಪಾಷಾ. ನನ್ ಕೈ ಮೇಲೆ ನಿಂಗೂ ಡೌಟಾ?" ಎಂದು ಇವರು ಹಾರಿಬಿದ್ದರು. ಆತ ನಾನು ಕೊಟ್ಟ ಟೀ ಮುಟ್ಟದೆ ಹೋದ. ನನಗೆ ತಲೆ ತಗ್ಗಿಸುವ ಹಾಗಾಯಿತು.

ಅವತ್ತಿನಿಂದ ಬೈಗುಳವೂ ನಿಂತುಹೋಯಿತು. ಅದೇ ನನಗೆ ತಡೆಯಲಾಗುತ್ತಿಲ್ಲ. ಗಾಡಿಯ ಎದುರಿಗೆ ಕುರ್ಚಿ ಹಾಕಿಕೊಂಡು, ಬಲಗೈಯನ್ನು ಟವೆಲ್ಲಿನ ಕೆಳಗೆ ಮುಚ್ಚಿಟ್ಟುಕೊಂಡು ಕೂತಿರುತ್ತಾರೆ. ಉಪ್ಪು ಕಡಿಮೆಯಾದರೂ ಮಾತಿಲ್ಲ, ಹೆಚ್ಚಾದರೂ ಮಾತಿಲ್ಲ. ನಿನ್ನೆ ಬೇಕೆಂದೇ ಸಾರಿಗೆ ಉಪ್ಪೇ ಹಾಕಲಿಲ್ಲ, ಹಾಗೇ ಉಂಡು ಎದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಾಡಿಯ ಮೇಲೆ ಸಿಟ್ಟು, ಆ ಡಾಕ್ಟರ ಮೇಲೆ ಸಿಟ್ಟು, ಇವರ ಹಟದ ಮೇಲೆ ಸಿಟ್ಟು. ಎರಡು ಕೈಯಲ್ಲೂ ಆ ಸೀಟನ್ನು ಗುದ್ದಿಬಿಟ್ಟೆ ಕಣೇ, ನನ್ನ ಬಳೆ ಒಡೆಯಿತೇ ಹೊರತು ಅದಕ್ಕೇನೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಕೊನೆಗೂ ಬಾಯಿ ಬಿಟ್ಟರು. "ಭಾನುವಾರ ಗುಜರಿಯೋನು ಬಂದು ತಗೊಂಡ್ ಹೋಗ್ತಾನೆ. ನಿನ್ ಜಾಗ ನಿಂಗಾಯ್ತಲ್ಲ." ಆ ಮಾತಿಗೆ ನಾನು ಸಂತೋಷಪಡಬೇಕಿತ್ತು. ಇಡ್ಲಿ ತಟ್ಟೆಯನ್ನು ತೊಳೆಯುತ್ತಾ ಅತ್ತುಬಿಟ್ಟೆ. ಈಗ ಆ ಗುಜರಿಯವನ ಹತ್ತಿರ ಮಾತಾಡಿ ಬರಲು ಸಿ.ವಿ. ರಾಮನ್ ನಗರದ ಕಡೆ ಹೋಗಿದ್ದಾರೆ, ಅದಕ್ಕೇ ಇಷ್ಟು ಬರೆಯಲು ಬಿಡುವಾಯಿತು; ಫೋನ್ ಮಾಡೋಣವೆಂದರೆ ನೀನು ಪಾಳಿ ಮುಗಿಸಿ ಮಲಗಿರುವ ಹೊತ್ತು. ನಿನ್ನಿಂದೇನು ಮಾಡಲಾಗುತ್ತದೆ ಅಷ್ಟು ದೂರದಿಂದ! ಹೊಟ್ಟೆಯೊಳಗಿನದು ಹೇಳಿಕೊಂಡೆ, ಅಷ್ಟೆ.

ಕೆಲಸದಲ್ಲಿ ಕೈ ಜೋಪಾನ. ತಣ್ಣೀರು ಕುಡಿಯಬೇಡ. ಮುನೇಶ್ವರ ಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಪಿಳ್ಳಮ್ಮ

ತಾ.ಕ.: ಹಂಸಾ, ಕಾಗದ ಮಡಿಸಿಟ್ಟ ಮೇಲೆ, ಹೋಗುವ ಗಾಡಿ ಕೊಳಕಾಗಿ ಹೋಗುವುದು ಬೇಡ ಎಂದು ಒರೆಸಲು ಕೂತೆ. ಕಾರ್ಬುರೇಟರಿನ ಕೆಳಗಿನ ಬಟ್ಟಲು ಕೂಡುವ ಸಂದಿನಲ್ಲಿ ಕೆಂಪಗೆ ಏನೋ ಕಂಡಿತು. ಇಷ್ಟು ವರ್ಷ ಸ್ಕ್ರೂಡ್ರೈವರ್ ಕೊಟ್ಟವಳಿಗೆ ಆ ಬಟ್ಟಲು ಬಿಚ್ಚುವುದು ಗೊತ್ತಿಲ್ಲವೇ, ಪೆಟ್ರೋಲ್ ನಿಲ್ಲಿಸಿ ಬಿಚ್ಚಿದೆ. ತಳದಲ್ಲಿ ನನ್ನ ಕುಂಕುಮ. ಟಾರ್ಚ್ ಬಿಟ್ಟು ನೋಡಿದರೆ ಜೆಟ್ಟಿನ ತೂತಿನ ತುಂಬ ನನ್ನ ಕುಂಕುಮ. ನಾನಿಟ್ಟೆ, ಅವರು ಹೆಬ್ಬೆರಳಿನಲ್ಲಿ ಒರೆಸುವಾಗ ಒಳಗೆ ಒತ್ತಿದರು. ಅವರ ಕೈಯ ನಡುಕಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ! ನಾನು ಅದನ್ನು ತೆಗೆಯಲಿಲ್ಲ. ನಾನು ತೆಗೆದು ಗಾಡಿ ಸ್ಟಾರ್ಟ್ ಆದರೆ ಅದು ನನ್ನ ಕೈಯದಾಗುತ್ತದೆ. ಬಟ್ಟಲನ್ನು ಮೊದಲಿನ ಹಾಗೇ ಮುಚ್ಚಿದ್ದೇನೆ. ಸ್ಕ್ರೂಗಳನ್ನು ಮಾತ್ರ ಪೂರ್ತಿ ಬಿಗಿ ಮಾಡಿಲ್ಲ, ಅವರ ಕೈಗೆ ಸುಲಭವಾಗಲಿ. ನಾನು ಹೇಳಿದರೆ ಕೇಳುವುದಿಲ್ಲ, ಪಾಷಾ ಹೇಳಿ ಆಯಿತು. ನೀನು ರೈಲಿನ ಎಂಜಿನ್ ಬಿಚ್ಚುವವಳು, ನಿನ್ನ ಮಾತು ನಡೆಯುತ್ತದೆ. ಇವತ್ತೇ ಫೋನ್ ಮಾಡು. ಕುಂಕುಮದ ಮಾತು ಎತ್ತಬೇಡ. "ಅಪ್ಪಾ, ಬೆಳಕು ಕಾಣ್ತಾ?" ಎಂದು ಕೇಳು, ಸಾಕು. ಅವರೇ ಬಿಚ್ಚುತ್ತಾರೆ, ಅವರೇ ನೋಡುತ್ತಾರೆ. ನೋಡಿದ ಮೇಲೆ ನನಗೆ ಹಬ್ಬ, ಗೊತ್ತು. ಬೈಯಲಿ. ಬೀದಿಗೆಲ್ಲ ಕೇಳುವ ಹಾಗೆ ಬೈಯಲಿ. ಟೀ ಕಾಯಿಸಿಟ್ಟುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿರುತ್ತೇನೆ.