ಮೊದಲ ಹಾರಾಟದ ಹಕ್ಕು

ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಶಾಲೆಯ ಸಮವಸ್ತ್ರದ ಹೊಲಿಗೆ ಮುಗಿಯಲಿ ಎಂದು ಕಾದೆ ಎಂದರೆ ನೀನು ನಂಬಿಬಿಡುತ್ತೀಯ, ಆದರೆ ಇಲ್ಲಿ ನಿನ್ನ ಅತ್ತಿಗೆ ನಗುತ್ತಾಳೆ. ಮನಸ್ಸಿನ ಉರಿ ಆರಲಿ ಎಂದು ಕಾದೆ. ಆರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅತ್ತಿಗೆಯ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮೊದಲಿನಷ್ಟೇ ಚುರುಕಾಗಿದೆ. ನಿನ್ನ ಹೆಂಡತಿ, ಮಗು ಚೆನ್ನಾಗಿದ್ದಾರಲ್ಲ?

'ನಮ್ಮ ಕ್ಲಬ್ ಹೇಗಿದೆ ಅಣ್ಣ?' ಎಂದು ಕೇಳಿದ್ದೀಯ. ನಾವಿಬ್ಬರು ಶುರುಮಾಡಿದಾಗ ಅದಕ್ಕೆ ಕ್ಲಬ್ ಎಂಬ ಹೆಸರೂ ಇರಲಿಲ್ಲ. ಹಿಟ್ಟಿನ ಗಿರಣಿಯ ಹಿಂದಿನ ಬಯಲಲ್ಲಿ ದನ ಓಡಿಸಿ, ಕಲ್ಲು ಆರಿಸಿ, ಹುಲ್ಲು ಸವರಿ ರನ್‌ವೇ ಮಾಡಿದ್ದೆವು. "ಇಷ್ಟು ದೊಡ್ಡ ಗಂಡಸ್ರು ಆಟದ ವಿಮಾನ ಹಾರಿಸ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದ ಗಿರಣಿಯವರು ಮುಂದಿನ ತಿಂಗಳು ತಾವೇ ಒಂದನ್ನು ತರಿಸಿಕೊಂಡರು. ಈಗ ಶೆಡ್ ಇದೆ, ಗಾಳಿಯ ದಿಕ್ಕು ನೋಡಲು ನಾನೇ ಹೊಲಿದ ಚೀಲ ಇದೆ, ವರ್ಷಕ್ಕೊಮ್ಮೆ ಪಂದ್ಯ ಇದೆ.

ನಾವು ಮಾಡಿದ ಕಟ್ಟಳೆ ಮಾತ್ರ ಬದಲಾಗಿಲ್ಲ. ವಿಮಾನ ಕಟ್ಟಿದವನು ಅದರ ಮೊದಲ ಹಾರಾಟ ತಾನು ಮಾಡುವಂತಿಲ್ಲ. ತಿಂಗಳುಗಟ್ಟಲೆ ಕೂತು ಅಂಟಿಸಿದ ಕೈ ಆ ಹೊತ್ತಿಗೆ ನಡುಗುತ್ತದೆ. ತಾನು ನಂಬಿದವನಿಗೆ ರಿಮೋಟ್ ಕೊಟ್ಟು ಪಕ್ಕದಲ್ಲಿ ನಿಲ್ಲಬೇಕು. ಇಷ್ಟು ವರ್ಷ ಎಲ್ಲರ ರಿಮೋಟೂ ನನ್ನ ಕೈಗೇ ಬರುತ್ತಿತ್ತು. ವಾರವೆಲ್ಲ ಕಂಡವರ ಸೊಂಟ ಅಳೆಯುವ ದರ್ಜಿ ನಾನು. ಭಾನುವಾರ ಬೆಳಿಗ್ಗೆ ಆ ಹುಲ್ಲಿನ ಮೇಲೆ ಮಾತ್ರ ಜನ ನನ್ನ ಮುಖ ನೋಡುತ್ತ ಉಸಿರು ಬಿಗಿಹಿಡಿಯುತ್ತಿದ್ದರು.

ಕನ್ನಡಕದಂಗಡಿಯವರು ಸೇರಿದ ಮೇಲೆ ಅದೂ ಹೋಯಿತು. ಹೋದ ಪಂದ್ಯಕ್ಕೆ ಬಂದಾಗ ನೀನೂ ಅವರ ಜೊತೆ ಮಾತಾಡಿದ್ದೀಯ. ಒಳ್ಳೆಯ ಮನುಷ್ಯ. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅವರು ಇಳಿಸಿದರೆ ಚಕ್ರ ನೆಲ ಮುಟ್ಟಿದ್ದೇ ತಿಳಿಯುವುದಿಲ್ಲ. ನಾನು ಇಳಿಸಿದರೆ ಒಮ್ಮೆಯಾದರೂ ಪುಟಿಯುತ್ತದೆ. ಮೊದಲು ಗಿರಣಿಯವರು ತಮ್ಮ ಹೊಸ ವಿಮಾನವನ್ನು ಅವರಿಗೆ ಕೊಟ್ಟರು. "ನೀವು ಬಿಜಿ ಇರ್ತೀರಲ್ಲ ಅಂತ ಅವರಿಗೆ ಹೇಳ್ದೆ" ಎಂದರು. ಭಾನುವಾರ ನನಗೇನು ಬಿಜಿ? ಗಾಳಿಗೆ ಅಂಗಿ ಹೊಲಿಯುತ್ತಿರುತ್ತೇನೆಯೇ? ಆಮೇಲೆ ಒಬ್ಬರ ಹಿಂದೆ ಒಬ್ಬರು ಆ ಕಡೆಗೇ ನಡೆದರು. ಆತನೋ ನನ್ನನ್ನು ಕಂಡಾಗಲೆಲ್ಲ "ಗುರುಗಳೇ" ಎನ್ನುತ್ತಾರೆ. ಹಾಗೆ ಅಂದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ.

"ಹೊಟ್ಟೆಕಿಚ್ಚು ಅಂತ ಬಾಯ್ಬಿಟ್ಟು ಹೇಳ್ಬಿಡಿ, ಒಂದು ಲೋಟ ತಣ್ಣೀರು ಕೊಡ್ತೀನಿ" ಎನ್ನುತ್ತಾಳೆ ಅತ್ತಿಗೆ. ಸರಿ, ಹೊಟ್ಟೆಕಿಚ್ಚೇ. ನಿನ್ನ ಹತ್ತಿರ ಮುಚ್ಚುಮರೆ ಯಾಕೆ?

ಹೋದ ಭಾನುವಾರದ್ದು ಕೇಳು. ಆತ ಒಂದು ಹಳದಿ ವಿಮಾನ ತಂದರು. ಯಾರದೆಂದು ಎಲ್ಲರೂ ಕೇಳಿದರು. "ಸ್ನೇಹಿತರೊಬ್ಬರದು, ಅವರಿಗೆ ಬರೋಕಾಗ್ಲಿಲ್ಲ. ಹೆಸರು ಹೇಳ್ಬೇಡಿ ಅಂದಿದಾರೆ" ಎಂದು ನಕ್ಕರು. ಜನ ಸುತ್ತ ನೆರೆದರು. ನಾನು ಶೆಡ್ಡಿನ ಬಾಗಿಲಲ್ಲಿ ಚಹಾ ಕುಡಿಯುವವನ ಹಾಗೆ ನಿಂತಿದ್ದೆ, ಕಣ್ಣು ಮಾತ್ರ ಅಲ್ಲೇ ಇತ್ತು. ಹಾರಿಸುವ ಮುಂಚೆ ಆತ ಮಾತಾಡುತ್ತಲೇ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿ ನೋಡಿದರು. ಬಲರೆಕ್ಕೆಯ ಅಂಚಿನ ಪಟ್ಟಿ ಮೇಲೇಳಬೇಕಿತ್ತು. ಅದು ಕೆಳಗೆ ಬಾಗಿತು. ಎಲ್ಲ ತಿರುಗುಮುರುಗು! ಹಾಗೇ ಹಾರಿಸಿದರೆ ಬಲಕ್ಕೆ ತಿರುಗಿಸಿದ್ದು ಎಡಕ್ಕೆ ಹೊರಳಿ ಮೂಗು ಮುಂದಾಗಿ ನೆಲಕ್ಕೆ ಬೀಳುತ್ತದೆ. ಮಾತಿನ ಭರದಲ್ಲಿ ಆತ ಗಮನಿಸಲಿಲ್ಲ, ಬೇರೆ ಯಾರೂ ನೋಡಲಿಲ್ಲ. ನಾನು ನೋಡಿದೆ.

ನೋಡಿ ಸುಮ್ಮನಿದ್ದೆ. ಬೀಳಲಿ ಎಂದುಕೊಂಡೆ. ಎಲ್ಲರೆದುರು ಬೀಳಲಿ, ಆಮೇಲೆ ಯಾರ ಹತ್ತಿರ ಬರುತ್ತಾರೋ ನೋಡೋಣ. ಆ ಕ್ಷಣದಷ್ಟು ಖುಷಿ ನನಗೆ ಈ ವರ್ಷವೆಲ್ಲ ಆಗಿರಲಿಲ್ಲ. ಮೋಟಾರು ಶುರುವಾಯಿತು, ವಿಮಾನ ಓಡತೊಡಗಿತು. ನನ್ನೆದುರು ಹಾದುಹೋಗುವಾಗ ರೆಕ್ಕೆಯ ಹೊದಿಕೆ ಕಂಡಿತು. ಇಸ್ತ್ರಿ ಒತ್ತಿ ಒತ್ತಿ ಅಂಟಿಸಿದ್ದು, ಎಲ್ಲೂ ಒಂದು ಸುಕ್ಕಿಲ್ಲ. ಯಾವ ಪುಣ್ಯಾತ್ಮ ಇದಕ್ಕಾಗಿ ಎಷ್ಟು ಕೂತಿದ್ದನೋ ಅನ್ನಿಸಿತು, ಅಷ್ಟೇ.

"ನಿಲ್ಸಿ! ನಿಲ್ಸಿ!" ಎಂದು ಕೂಗಿಬಿಟ್ಟೆ.

ನಿಲ್ಲಿಸಿದರು. ವಿಷಯ ತಿಳಿದು ಬೆವತರು. "ಗುರುಗಳೇ, ನನ್ನ ಮಾನ ಉಳಿಸಿದ್ರಿ" ಎಂದು ಕೈ ಹಿಡಿದುಕೊಂಡರು. ಒಳಗಿನ ತಂತಿಗಳನ್ನೂ ನೋಡಿಬಿಡೋಣವೆಂದು ರೆಕ್ಕೆ ಬಿಚ್ಚಿ, ರಿಮೋಟಿನಲ್ಲಿ ದಿಕ್ಕು ಬದಲಿಸಿ, ಎಲ್ಲ ಸರಿಮಾಡಿದ ಮೇಲೆ ರಿಮೋಟನ್ನು ನನ್ನ ಮುಂದೆ ಹಿಡಿದರು. "ನೀವೇ ಹಾರಿಸ್ಬೇಕು." ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಹಿಂದೆ ಸರಿದೆ. ಆತನೇ ಹಾರಿಸಿದರು. ಬಹಳ ಚೆನ್ನಾಗಿ ಹಾರಿತು. ಇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನನ್ನು ಬಿಟ್ಟು.

ಇನ್ನೇನು ಬರೆಯಲಿ? ಅಂಗಡಿಯ ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟ್ ಹಾಕಿಸಿದೆ. ಮಗುವಿಗೆ ಒಂದು ಅಂಗಿ ಹೊಲಿದಿದ್ದೇನೆ, ಬೆಳೆಯುವ ಮೈ ಎಂದು ತೋಳು ಸ್ವಲ್ಪ ಉದ್ದ ಬಿಟ್ಟಿದ್ದೇನೆ. ನೀವು ಮೂವರೂ ಸುಖವಾಗಿರಿ. ನೀನು ಕೈಯಿಟ್ಟ ಕೆಲಸವೆಲ್ಲ ಹಸನಾಗಲಿ.

ಇಂತಿ,
ನಿನ್ನ ಅಣ್ಣ

ತಾ.ಕ.: ಬಿಚ್ಚಿದ ರೆಕ್ಕೆಯನ್ನು ಹಿಡಿದುಕೊಂಡಿದ್ದವನು ನಾನೇ. ನಡುವಿನ ಜೋಡಣೆಗೆ ದಾರ ಸುತ್ತಿ, ಗುಂಡಿಯ ತೂತಿಗೆ ಹಾಕುವಂಥ ಕಾಜಾ ಗಂಟು ಹಾಕಿತ್ತು. ಆ ಗಂಟನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ನಿನ್ನೊಬ್ಬನಿಗೇ ಕಲಿಸಿದ್ದೆ. ನಿನ್ನದು ಎಡಗೈ, ಗಂಟು ಯಾವಾಗಲೂ ಉಲ್ಟಾ ಬೀಳುತ್ತದೆ. ಇದೂ ಹಾಗೇ ಬಿದ್ದಿತ್ತು. ಅಣ್ಣನಿಗೆ ನೋವಾಗುತ್ತದೆ ಎಂದು ನೀನೇ ಹೆಸರು ಮುಚ್ಚಿಡಿಸಿದೆ, ಅಲ್ಲವೇ? ಊರೆಲ್ಲ ಆತನಿಗೇ ರಿಮೋಟ್ ಕೊಡಲಿ, ನನ್ನ ತಮ್ಮ ನನಗೇ ಕೊಡುತ್ತಾನೆ ಎಂದುಕೊಂಡಿದ್ದೆ. ಅದು ನಿನ್ನದೆಂದು ಮೊದಲೇ ತಿಳಿದಿದ್ದರೆ ನಾನು ನಿಲ್ಲಿಸಿ ಎಂದು ಕೂಗುತ್ತಿದ್ದೆನೇ? ಭಾನುವಾರದಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಹೌದು ಎನ್ನಲು ಬಾಯಿ ಬರುತ್ತಿಲ್ಲ.