ಮಣಿಕಟ್ಟಿನ ಬಿಲ್ಲೆ

ಕುಸನೂರ, ಕಲಬುರಗಿ
11-11-2024, ಸೋಮವಾರ

ಪ್ರೀತಿಯ ಸುಧಾಕರಣ್ಣಾ,

ಜೈ ಭೀಮ್. ಹೇಗಿದ್ದೀ? ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಎಂಟು ತಾಸು ಕೂತು ಕೂತು ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ವೈನಿ ಹೇಳಿದರು. ಸೊಲ್ಲಾಪುರದ ಚಳಿಗೆ ಅದು ಇನ್ನೂ ಹೆಚ್ಚಾಗುತ್ತದೆ, ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿಸಿಕೋ. ಮಗುವಿಗೆ ಹಲ್ಲು ಬಂತೇ? ಅವ್ವ ಚೆನ್ನಾಗಿದ್ದಾಳೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಜಗಳ ತೆಗೆಯುತ್ತದೆ. ನನ್ನ ಆರೋಗ್ಯ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಸೊಂಟದ ಕೆಳಗಿನ ಕಪ್ಪು ಈಗ ಹಳದಿಗೆ ತಿರುಗಿದೆ. ಬಲಗಾಲು ಊರಿ ನಡೆಯುತ್ತೇನೆ. ನಿನ್ನೆಯಿಂದ ಅಂಗಡಿಗೂ ಹೋಗುತ್ತಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದುಕೊಳ್ಳಬೇಡ. ನಾನು ಈ ಮಾತು ತೆಗೆದ ನಾಲ್ಕೂ ಸಲ ನೀನು ‘ಕಿಟಕಿ ಮುಂದ ಮಂದಿ ನಿಂತಾರ, ಆಮ್ಯಾಲ ಮಾತಾಡ್ತೀನಿ’ ಎಂದು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ಹರಿದು ಹಾಕಬಹುದು. ಆದರೆ ಹರಿಯುವ ಮೊದಲು ಓದಿರುತ್ತೀ.

ಬರುವ ಭಾನುವಾರ ಕಮಲಾಪುರದವರು ನನ್ನನ್ನು ನೋಡಲು ಬರುತ್ತಾರೆ. ಒಪ್ಪಿದರೆ ಅಂದೇ ಮಾತು ಮುಗಿಸಿ ಹೋಗುತ್ತಾರೆ. ನೀನೇ ಹುಡುಕಿದ ಸಂಬಂಧ, ಹುಡುಗ ಒಳ್ಳೆಯವನು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನನ್ನ ಹೃದಯದಲ್ಲಿ ಹದಿನಾಲ್ಕನೇ ವಯಸ್ಸಿನಿಂದ ಒಂದು ಲೋಹದ ಕವಾಟ ಇದೆ, ಅದು ಕೆಲಸ ಮಾಡಬೇಕಾದರೆ ದಿನಾ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು, ಆ ಮಾತ್ರೆಯಿಂದಾಗಿ ಸಣ್ಣ ಗಾಯವೂ ನನಗೆ ಸಣ್ಣದಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂದು ನಿನ್ನ ಏರ್ಪಾಡು. ಎದೆಯ ಗೆರೆ ಕಾಣದ ರವಿಕೆ, ಅಕ್ಕಿ ಡಬ್ಬಿಯೊಳಗೆ ಮಾತ್ರೆ. ಮನೆ ಸುಮ್ಮನಿದ್ದಾಗ ನನ್ನ ಕವಾಟದ ಟಿಕ್ ಟಿಕ್ ಪಕ್ಕದಲ್ಲಿ ಕೂತವರಿಗೆ ಕೇಳುತ್ತದಲ್ಲ, ಅದಕ್ಕೆಂದು ಒಂದು ದಪ್ಪ ಕೈಗಡಿಯಾರ ಕಳಿಸಿಕೊಟ್ಟೆ. ‘ಯಾರರ ಕೇಳಿದ್ರ ಗಡಿಯಾರದ್ದು ಅನ್ನು’ ಎಂದೆ. ಅಣ್ಣಾ, ಆ ಗಡಿಯಾರದಲ್ಲಿ ಸದ್ದೇ ಇಲ್ಲ. ಸುಳ್ಳು ಹೇಳುವುದಕ್ಕಾದರೂ ಸದ್ದು ಮಾಡುವುದನ್ನು ಕೊಳ್ಳಬಾರದಿತ್ತೇ?

ಶಾಲೆಯ ವಿಷಯವೂ ಹಾಗೇ. ಅವ್ವನ ಆರೈಕೆಗೆಂದು ನಾನು ಹತ್ತನೇ ತರಗತಿ ಬಿಟ್ಟೆ ಎಂದು ಅವರಿಗೆ ಹೇಳಿದ್ದೀಯಂತೆ. ಅವ್ವನಿಗೆ ಆಗ ಏನೂ ಆಗಿರಲಿಲ್ಲ. ಆಪರೇಷನ್ ಆಗಿ ವರ್ಷ ಹಿಂದೆ ಬಿದ್ದೆ ಎಂಬುದು ಅರ್ಧ ನಿಜ. ಉಳಿದರ್ಧ, ನನಗೆ ಒಂದೇ ಕಡೆ ಕೂಡಲು ಆಗಲಿಲ್ಲ, ಬಿಟ್ಟೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ನಿನಗೇಕೆ?

ಈಗ ತಾಯಿತದ ಮಾತು. ಧಮ್ಮದೀಕ್ಷೆ ತೆಗೆದುಕೊಂಡ ವರ್ಷ ಅಪ್ಪ ಮನೆಯವರೆಲ್ಲರ ಕೊರಳ ದಾರ, ತಾಯಿತ ಬಿಚ್ಚಿಸಿ ಒಂದು ಬುಟ್ಟಿ ತುಂಬಿ ಆಚೆ ಹಾಕಿದ್ದನ್ನು ಅವ್ವ ಈಗಲೂ ಹೇಳುತ್ತಾಳೆ. ‘ರೋಗ ಬಂದ್ರ ದವಾಖಾನಿ, ದಾರ ಅಲ್ಲ’ ಎಂದಿದ್ದನಂತೆ. ಆ ದತ್ತಪ್ಪನ ಮಗ ನೀನು, ಆರು ತಿಂಗಳ ಹಿಂದೆ ಬಜಾರದಿಂದ ತಾಮ್ರದ ತಾಯಿತ ತಂದು ನನ್ನ ಕೊರಳಿಗೆ ಕಟ್ಟಿದೆ. ಹೃದಯದ ಡಾಕ್ಟರು ನನ್ನ ಕಾಯಿಲೆ, ಮಾತ್ರೆ ಬರೆದಿರುವ ಗುರುತೊಂದು ಸದಾ ಮೈಮೇಲೆ ಇರಬೇಕು ಎಂದಿದ್ದರು. ಕೈಗೆ ಬಿಲ್ಲೆ ಹಾಕಿಕೊಳ್ಳುತ್ತೇನೆ ಎಂದೆ ನಾನು. ನೀನು ಚೀಟಿ ಬರೆದು, ಸುರುಳಿ ಸುತ್ತಿ, ತಾಯಿತದೊಳಗೆ ತುರುಕಿ, ಬಾಯಿಗೆ ಅರಗು ಹಾಕಿದೆ. ‘ಎಲ್ಲಾ ಬರದೀನಿ. ಮಂದಿಗಿ ತಾಯಿತ, ಡಾಕ್ಟರಗ ಚೀಟಿ. ಯಾರಿಗೂ ಗೊತ್ತಾಗಲ್ಲ’ ಎಂದು ನಕ್ಕೆ. ನಾನೂ ನಕ್ಕೆ. ಜಾಣತನ ಎನಿಸಿತ್ತು.

ಅಕ್ಟೋಬರ್ ಹತ್ತೊಂಬತ್ತರಂದು ಏನಾಯಿತೆಂದು ನೀನು ಪೂರ್ತಿ ಕೇಳಲೇ ಇಲ್ಲ. ಕಮಲಾಪುರದ ಒಂದು ಮದುವೆ ಮನೆಯವರು ಆಹೇರಕ್ಕೆ ಕೊಡುವ ಉಡುಗೊರೆ ಪಾತ್ರೆಗಳನ್ನೆಲ್ಲ ನಮ್ಮ ದೇವೀಂದ್ರಪ್ಪ ಸಾವ್ಕಾರರ ಅಂಗಡಿಯಲ್ಲಿ ಕೊಂಡಿದ್ದರು. ಯಾರ ಹೆಸರು ಯಾವುದರ ಮೇಲೆ ಎಂಬುದು ಗೊತ್ತಾಗದೆ, ಹೆಸರು ಕೊರೆಯುವವರನ್ನೇ ಕಳಿಸಿ ಎಂದರು. ಯಂತ್ರ ಚೀಲದಲ್ಲಿ ಹಾಕಿಕೊಂಡು ನಾನು ಹೋದೆ. ಸಂಜೆಯವರೆಗೆ ಕೂತು ಕೊಡಗಳ ಮೇಲೆ, ತಾಟುಗಳ ಮೇಲೆ ಮಾವಂದಿರ, ಸೋದರತ್ತೆಯರ ಹೆಸರು ಕೊರೆದೆ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನೂಕುನುಗ್ಗಲು. ಬಸ್ಸಿನ ಮೆಟ್ಟಿಲಿಂದ ಹಿಂದಕ್ಕೆ ಬಿದ್ದೆ. ತಲೆ ಕಲ್ಲಿಗೆ ತಾಗಿತು. ಚೀಲ, ಪರ್ಸು ಬಸ್ಸಿನೊಳಗೆ ಹೋದವು. ಫೋನ್ ಯಾರದೋ ಕಾಲಡಿ ಒಡೆಯಿತು.

ನನಗೆ ನೆನಪಿರುವುದು ತುಂಡು ತುಂಡು. ಉಳಿದದ್ದು ನೋಡಿದವರು ಅವ್ವನಿಗೆ ಹೇಳಿದ್ದು. ಕೆಂಪು ಬಾಳೆಹಣ್ಣು ಮಾರುವ ಮಸ್ತಾನಬಿ ಎಂಬ ಮುದುಕಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೂರ್ಛೆರೋಗ ಎಂದು ಯಾರೋ ನನ್ನ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು. ಇನ್ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಒಬ್ಬ ಹುಡುಗ ಕೊರಳ ತಾಯಿತ ನೋಡಿ, ಒಳಗೆ ಹೆಸರು ಊರು ಇರಬಹುದು ಎಂದು ಬಿಚ್ಚಲು ಹೋದನಂತೆ. ಮಸ್ತಾನಬಿ ಅವನ ಕೈಗೆ ಹೊಡೆದಳು. ‘ಏ, ಹಾಥ್ ಹಚ್ಚಬ್ಯಾಡ! ಯಾವ ದರ್ಗಾದ್ದೋ ಏನೋ, ಬಿಚ್ಚಿದ್ರ ಅದರ ಅಸರ್ ಹೋಗ್ತದ. ಪಾಪ, ಅದೇ ಹುಡುಗಿನ್ನ ಕಾಯ್ಲಾಕತ್ತದ’ ಎಂದಳಂತೆ. ಎಲ್ಲರೂ ಹೌದೆಂದರು. ನೀರು ತಾಗದಿರಲಿ ಎಂದು ಅದನ್ನು ಬಿಚ್ಚದೆ ನನ್ನ ಬೆನ್ನ ಕಡೆ ಸರಿಸಿಟ್ಟರು. ನೋಡು, ನಮ್ಮ ಮಂದಿ ಎಷ್ಟು ಮರ್ಯಾದಸ್ತರು. ನೀನು ಮುಚ್ಚಿಟ್ಟದ್ದನ್ನು ಅವರು ಕೈಮುಗಿದು ಕಾದರು.

ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ನೋವಿಗೆಂದು ಸೊಂಟಕ್ಕೆ ಸೂಜಿ ಚುಚ್ಚಿದ. ಅವನಿಗೇನು ಗೊತ್ತು? ನನ್ನಂಥವಳಿಗೆ ಹಾಗೆ ಚುಚ್ಚುವಂತಿಲ್ಲ ಎಂದು ಹೇಳಬೇಕಾದ ಚೀಟಿ ನನ್ನ ಬೆನ್ನ ಕೆಳಗೆ ಇತ್ತು. ಕಲಬುರಗಿಯ ದೊಡ್ಡ ದವಾಖಾನೆಗೆ ತರುವಷ್ಟರಲ್ಲಿ ಒಳಗೇ ರಕ್ತ ಹರಿದು ಸೊಂಟ ಕುಂಬಳಕಾಯಿಯಂತಾಗಿತ್ತು. ದಾರಿಯಲ್ಲಿ ಅರೆ ಎಚ್ಚರದಲ್ಲಿ ಅವ್ವನ ನಂಬರೊಂದನ್ನೇ ತೊದಲಿದೆನಂತೆ, ಅವಳು ಅಲ್ಲಿಗೆ ಓಡಿ ಬಂದಿದ್ದಳು. ಅಲ್ಲಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಟಿಕ್ ಟಿಕ್ ಕೇಳಿ ಅವ್ವನನ್ನು ಕೂಗಿದರು. ಅವ್ವ ಮೊದಲು ಸುತ್ತ ನೋಡಿದಳಂತೆ, ಪರಿಚಯದವರು ಯಾರಾದರೂ ನಿಂತಿದ್ದಾರೋ ಎಂದು. ಆಮೇಲೆ ಬಾಯಿ ಬಿಟ್ಟಳು. ಅದನ್ನು ಹೇಳಿ ಅವಳೇ ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಸುತ್ತ ನೋಡುವುದನ್ನು ಅವಳಿಗೆ ಕಲಿಸಿದವನು ನೀನು.

ಹನ್ನೊಂದು ದಿನ ಮಲಗಿದ್ದೆ. ನೀನು ಒಂದು ದಿನ ಬಂದೆ. ಬಂದವನು ಓಣಿಗೆಲ್ಲ, ಕಮಲಾಪುರದವರಿಗೂ, ಡೆಂಗಿ ಎಂದು ಹೇಳಿ ಹೋದೆ. ಡೆಂಗಿಗೆ ಇರುವ ಮಾನ ನನ್ನ ಹೃದಯಕ್ಕಿಲ್ಲ.

ಮೆಹರೀನ್ ಎಂಬ ನರ್ಸ್ ಒಬ್ಬಳಿದ್ದಳು. ತಾಯಿತವನ್ನು ಜೋಪಾನವಾಗಿ ಮಂಚಕ್ಕೆ ಕಟ್ಟಿದ್ದಳು, ಅವಳೂ ಬಿಚ್ಚಿರಲಿಲ್ಲ. ಅದರ ಒಳಗಿನ ಗುಟ್ಟು ಹೇಳಿದಾಗ ಹಣೆ ಬಡಿದುಕೊಂಡಳು. ‘ಬೇಹೋಶ್ ಆದವರ ಕೈ ಮೊದಲು ಹಿಡಿತೀವಿ ತಂಗಿ, ನಾಡಿ ನೋಡಲಿಕ್ಕ. ಗುರುತು ಅಲ್ಲೇ ಇರಲಿ’ ಎಂದಳು. ಅದೇ ವಾರ ನೀನು ಅವ್ವನ ಫೋನಿಗೆ ಒಂದು ಚಿತ್ರ ಕಳಿಸಿದೆ, ಪುಸ್ತಕದಂತೆ ತೆರೆಯುವ ಬಂಗಾರದ ಲಾಕೆಟ್. ತಾಯಿತ ಬೇಡವಾದರೆ ಇದು, ನೋಡಿದವರಿಗೆ ಒಡವೆ ಎಂದು ನಿನ್ನ ಮಾತು. ಅಣ್ಣಾ, ಅದನ್ನು ತೆರೆದು ನೋಡುವವರು ಕಳ್ಳರು ಮಾತ್ರ. ಗುರುತಿನ ಕಾರ್ಡು ಮಾಡಿಸಿ ಪರ್ಸಿನಲ್ಲಿಟ್ಟರೆ ಪರ್ಸಿನೊಂದಿಗೇ ಹೋಗುತ್ತದೆ ಎಂದು ಗೊತ್ತಾಯಿತು. ಫೋನಿನ ಗತಿಯೂ ಗೊತ್ತಾಯಿತು. ರಬ್ಬರ್ ಪಟ್ಟಿಯ ಅಕ್ಷರ ಎರಡು ತಿಂಗಳಿಗೆ ಅಳಿಯುತ್ತದೆ. ಸ್ಟೀಲಿನ ಮೇಲೆ ಕೊರೆದದ್ದು ಎಷ್ಟು ಬೂದಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಮೂರು ವರ್ಷದಿಂದ ನನ್ನ ಕಸುಬೇ ಅದು.

ಹಾಗಾಗಿ ನಿನ್ನೆ ಅಂಗಡಿಯಲ್ಲಿ ಎರಡು ಬೆರಳಗಲದ ಬಿಲ್ಲೆ ಕತ್ತರಿಸಿ, ಅಂಚು ನುಣುಪು ಮಾಡಿ, ಅಲ್ಲಿದ್ದ ಹಳೆಯ ಯಂತ್ರದಲ್ಲಿ ನನ್ನ ಹೆಸರು ಕೊರೆದೆ. ಕೆಳಗೆ ‘ಹೃದಯದಲ್ಲಿ ಲೋಹದ ಕವಾಟ. ರಕ್ತ ತೆಳು ಮಾಡುವ ಮಾತ್ರೆ. ಸೂಜಿಗೆ ಮುನ್ನ ಇದನ್ನು ಓದಿ.’ ಡಾಕ್ಟರಿಗಾಗಿ ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ. ಓದು ಬಾರದವರಿಗಾಗಿ ಒಂದು ಕೆಂಪು ಹೃದಯ. ದೇವೀಂದ್ರಪ್ಪ ಸಾವ್ಕಾರರು ಕನ್ನಡಕ ಏರಿಸಿ ನೋಡಿ, ‘ಏನವಾ, ಮಂದಿ ಮದಿವಿಗಿ ಕೊರದು ಕೊರದು ಈಗ ನಿನಗ ನೀನೇ ಆಹೇರ ಮಾಡ್ಕೊಂಡಿ?’ ಎಂದರು. ಓದಿದ ಮೇಲೆ ಚಹಾ ತರಿಸಿದರು. ಹಿಂಬದಿಯಲ್ಲಿ ಒಂದು ಸಾಲಿನ ಜಾಗ ಬಿಟ್ಟಿದ್ದೇನೆ, ಯಾರಿಗೆ ಕರೆ ಮಾಡಬೇಕೋ ಅವರ ನಂಬರಿಗೆ. ಎಷ್ಟು ಸಿಟ್ಟಿದ್ದರೂ ನಿನ್ನದನ್ನೇ ಹಾಕಬೇಕೆಂದಿದ್ದೇನೆ. ತಪ್ಪಾದ ಜಾಗದಲ್ಲಿಟ್ಟರೂ ಚೀಟಿಯನ್ನಾದರೂ ನೀನು ಸರಿಯಾಗಿ ಬರೆದೆಯಲ್ಲ. ಕೆಟ್ಟದ್ದು ಬಿಚ್ಚಗೊಡದ ಆ ಮುದುಕಿಯಿಂದ. ದವಾಖಾನೆಗೆ ಅವಳು ಒಂದು ಡಜನ್ ಕೆಂಪು ಬಾಳೆಹಣ್ಣು ಹಿಡಿದು ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಹೋಗುವಾಗ ಅವ್ವನ ಹತ್ತಿರ ತನ್ನ ನಂಬರು ಬರೆಸಿ ಹೋದಳು, ನನಗೆ ಹುಷಾರಾದ ಮೇಲೆ ಒಂದು ಮಾತು ತಿಳಿಸಲಿ ಎಂದು.

ಇನ್ನು ಹುಡುಗ. ವಿವೇಕಾನಂದ ನನಗೆ ಇಷ್ಟವಾಗಿದ್ದಾನೆ, ಅದನ್ನೂ ಬರೆಯುತ್ತೇನೆ. ಫೋನಿನಲ್ಲಿ ಪಶು ಆಸ್ಪತ್ರೆಯ ಕಥೆ ಹೇಳಿ ನಗಿಸುತ್ತಾನೆ. ಪ್ರತಿ ಎಮ್ಮೆಯ ಕಿವಿಗೂ ನಂಬರಿನ ಹಳದಿ ಬಿಲ್ಲೆ ಇರುತ್ತದಂತೆ, ಅದನ್ನು ನೋಡಿದರೆ ಯಾವ ಚುಚ್ಚುಮದ್ದು ಆಗಿದೆ ಎಂದು ಗೊತ್ತಾಗುತ್ತದಂತೆ. ಎಮ್ಮೆಗಿರುವ ಭಾಗ್ಯ ನನಗಿಲ್ಲ ಎಂದುಕೊಂಡೆ. ಮೊನ್ನೆ ಅವನೇ ಹೇಳಿದ, ‘ಡೆಂಗಿ ಕಮ್ಮಿ ಆಯ್ತಿಲ್ಲೋ? ನಮ್ಮೂರ ಬಸ್ ಸ್ಟ್ಯಾಂಡಿನಾಗ ಹೋದ ತಿಂಗಳು ಯಾವುದೋ ಹುಡುಗಿ ಬಿದ್ದಿತ್ತಂತ, ಪಾಪ, ಬದುಕೇದೋ ಇಲ್ಲೋ.’ ನಾನು ಹೂಂ ಎಂದೆ. ಬದುಕಿದ್ದೇನೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಆ ಒಂದು ಹೂಂ ಸೊಂಟದ ನೋವಿಗಿಂತ ಹೆಚ್ಚು ನೋಯುತ್ತಿದೆ. ಮಕ್ಕಳಾಗುವ ಮಾತು ಬಂದರೆ ನನ್ನ ಮಾತ್ರೆಯನ್ನೇ ಬದಲಿಸಬೇಕಾಗುತ್ತದೆ, ಮದುವೆಗೆ ಮೊದಲೇ ಹುಡುಗನನ್ನು ಕರೆದುಕೊಂಡು ಬಾ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಯಾವ ತಾಯಿತದೊಳಗೆ ಬಚ್ಚಿಡುತ್ತೀ?

ಭಾನುವಾರ ನಾನು ಚಹಾದ ತಟ್ಟೆ ಹಿಡಿದು ಬರುತ್ತೇನೆ. ಮಣಿಕಟ್ಟಿನಲ್ಲಿ ಗಡಿಯಾರ ಇರುವುದಿಲ್ಲ, ಬಿಲ್ಲೆ ಇರುತ್ತದೆ. ಓದಿ ಎದ್ದು ಹೋದರೆ ಹೋಗಲಿ. ಅಳುತ್ತೇನೆ, ಸುಳ್ಳೇಕೆ. ಆದರೆ ಕೈ ಮುಚ್ಚಿಕೊಳ್ಳುವುದಿಲ್ಲ. ನೀನು ಡೆಂಗಿ ಎನ್ನಲು ಬರುವುದಾದರೆ ಬರಲೇಬೇಡ.

ವೈನಿಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ಅವ್ವ ನಿನಗೆ ಒಳ್ಳೆಯದಾಗಲಿ ಎಂದು ಹೇಳಲು ಹೇಳಿದ್ದಾಳೆ, ಹೇಳಿದ್ದೇನೆ.

ನಿನ್ನ ತಂಗಿ,
ಸಂಘಮಿತ್ರಾ

ತಾ.ಕ.: ಅಣ್ಣಾ, ನಿನ್ನ ತಾಯಿತವನ್ನು ಇದರೊಂದಿಗೇ ಕಳಿಸೋಣವೆಂದು ಲಕೋಟೆಗೆ ತುರುಕುವಾಗ ಅರಗು ಒಡೆಯಿತು. ಚೀಟಿ ಬಿಚ್ಚಿ ಓದಿದೆ. ‘ಸಂಘಮಿತ್ರಾ. ಏನಾದರೂ ಆದರೆ ಅಣ್ಣನಿಗೆ ಫೋನ್ ಮಾಡಿ’, ಕೆಳಗೆ ನಿನ್ನ ನಂಬರು. ಅಷ್ಟೇ. ಕವಾಟ ಇಲ್ಲ, ಮಾತ್ರೆ ಇಲ್ಲ. ಅರಗು ಹಾಕಿದ ತಾಯಿತದ ಒಳಗೂ ಮುಚ್ಚಿಟ್ಟೆಯಲ್ಲ! ಆ ಮುದುಕಿ ಬಿಚ್ಚಗೊಟ್ಟಿದ್ದರೂ ಸೂಜಿ ತಪ್ಪುತ್ತಿರಲಿಲ್ಲ. ಮೂರು ವಾರ ಅವಳ ಮೇಲೆ ಸುಮ್ಮನೆ ಹಲ್ಲು ಕಡಿದೆ. ಈಗಷ್ಟೇ ಅವಳಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಬಿಲ್ಲೆಯ ಹಿಂಬದಿಗೆ ನಿಮ್ಮ ನಂಬರು ಹಾಕಲೇ ಎಂದು ಕೇಳಿದೆ. ‘ಹಾಕು ಬೇಟಿ, ಯಾವಾಗ ಬಂದ್ರೂ ಎತ್ತತೀನಿ’ ಎಂದಳು. ನಾಳೆ ಕೊರೆಯುತ್ತೇನೆ.