ಒಂಟಿಗಳ ಚಳವಳಿ

ಜೂನ್ ೧೪, ಮಂಗಳವಾರ

ಹಾಳಾದ ಗೆಲುವು! ಕರಡು ತಿದ್ದುವುದು ಒಬ್ಬರೇ ಕೂತು ಮಾಡುವ ಕೆಲಸ. ಅದಕ್ಕೇ ಈ ಪ್ರೆಸ್ಸು ಸೇರಿದ್ದು. ಮಾಲೀಕ ಇವತ್ತು ನನ್ನ ಕೋಣೆಗೇ ಕೈ ಹಾಕಿದ. ‘ಎಲ್ರೂ ಹಾಲ್‌ನಲ್ಲೇ ಕೂತ್ಕೊಳ್ಳಿ, ಒಗ್ಗಟ್ಟು ಬೆಳೆಯುತ್ತೆ.’

ಒಗ್ಗಟ್ಟಿನ ಪಾಠ, ಊರೂರು ಚಳವಳಿ ಮಾಡಿ ಬಂದ ನನಗೆ! ಮೇಜು ಗುದ್ದಿ ಕೂಗಿದೆ: ‘ಒಂಟಿಯಾಗಿ ದುಡಿಯುವುದು ನಮ್ಮ ಹಕ್ಕು!’

ವರ್ಷಗಟ್ಟಲೆ ತುಟಿ ಬಿಚ್ಚದ ಬೈಂಡರ್ ಎದ್ದು ನಿಂತ. ‘ನಾನೂ ಇದ್ದೀನಕ್ಕ.’ ಅವನ ಹಿಂದೆ ಪ್ರೆಸ್ಸಿನ ಮೂಕರೆಲ್ಲ ಎದ್ದರು. ಎದೆ ಉಬ್ಬಿತು. ಮಾಲೀಕ ಮಣಿದ: ‘ಆಯ್ತಮ್ಮ, ಒಂಟಿಯಾಗಿರೋರೆಲ್ಲ ಆ ಕೋಣೇಲೇ ಕೂತ್ಕೊಳ್ಳಿ.’

ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತೆವು. ಬೈಂಡರ್‌ನ ಬಾಯಿ ಸಂಜೆಯವರೆಗೂ ನಿಲ್ಲಲಿಲ್ಲ: ಹಲ್ಲುನೋವು, ಅತ್ತೆಮನೆ, ‘ನಿಮ್ಮಿಂದ್ಲೇ ಅಕ್ಕ ನಂಗೆ ಮಾತು ಬಂದಿದ್ದು.’ ಬಾಯಿ ಮುಚ್ಚು ಎನ್ನಲು ನಾಲಗೆ ಏಳಲಿಲ್ಲ. ದನಿ ಇಲ್ಲದವರಿಗೆ ದನಿ ಕೊಡಬೇಕೆಂದು ಊರೂರಲ್ಲಿ ಭಾಷಣ ಬಿಗಿದವಳು ನಾನೇ ತಾನೇ. ನಾಳೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಆದರೆ ಅವನಿಗೆ ಕಾಣದ ಹಾಗೆ...